ಆವಕ ವಹಿಯೂ ಯಂತ್ರದ ಜರಡಿಯೂ

ಕೃತಕ ಬುದ್ಧಿಮತ್ತೆಯ 'ಏಜೆಂಟ್' ಎಂದರೆ ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗದೆ, ತನಗೆ ಒಪ್ಪಿಸಿದ ಸಲಕರಣೆಗಳನ್ನು ತಾನೇ ಬಳಸಿ ಒಂದು ಕೆಲಸವನ್ನು ಹಂತಹಂತವಾಗಿ ಮುಗಿಸುವ ತಂತ್ರಾಂಶ. ಗಂಗಾವತಿಯ ಮಾರುಕಟ್ಟೆಯಲ್ಲಿ ಏಜೆಂಟ್ ಎಂದರೆ ದಲಾಲಿ ಅಂಗಡಿಯವರೇ ನೆನಪಿಗೆ ಬರುತ್ತಾರೆ. ಆ ಏಜೆಂಟರ ಲಾಭ ಎಲ್ಲಿದೆ ಎಂಬುದು ರೈತನಿಗೆ ಗೊತ್ತಿರುವುದರಿಂದ ಅವರ ಮಾತನ್ನು ಎಷ್ಟು ನಂಬಬೇಕೆಂಬುದೂ ಗೊತ್ತಿರುತ್ತದೆ. ಹೊಸ ಏಜೆಂಟಿನ ಕೈಗೆ ಕೊಡುವ ಸಲಕರಣೆಗಳಲ್ಲಿ ಅತ್ಯಂತ ನಿರುಪದ್ರವಿಯಂತೆ ಕಾಣುವುದು, ಇ-ಮೇಲ್ ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ಕಳುಹಿಸಿದವರು, ದಿನಾಂಕ, ವಿಷಯ, ಓದಿದ್ದು-ಓದದ್ದು ಎಂಬ ಗುರುತುಗಳಿಂದ ಸೋಸಿ ಪಟ್ಟಿ ಮಾಡುವ ಸಲಕರಣೆ. ಅದು ಪತ್ರವನ್ನು ಅಳಿಸುವುದಿಲ್ಲ, ಯಾರಿಗೂ ಉತ್ತರ ಬರೆಯುವುದಿಲ್ಲ. ಆದ್ದರಿಂದಲೇ ಅದರ ಅಧಿಕಾರ ಎಷ್ಟು ದೊಡ್ಡದೆಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಸೋಸುವ ಕೆಲಸವೇನೂ ಹೊಸದಲ್ಲ. ಪತ್ರಗಳನ್ನು ಸರ್ವರಿನಲ್ಲಿಯೇ ಇಟ್ಟು ಅಲ್ಲಿಂದಲೇ ನೋಡಲು ಅನುವು ಮಾಡುವ, 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಆರಂಭಿಸಿದ 'ಐಮ್ಯಾಪ್' ಎಂಬ ನಿಯಮಾವಳಿಯಲ್ಲಿ ಹುಡುಕುವ ಆಜ್ಞೆ ಬಹುಕಾಲದಿಂದ ಇದೆ. ಬದಲಾದದ್ದು ಆಜ್ಞೆಯನ್ನು ಬರೆಯುವವರು. ಅಕ್ಕಿ ಗಿರಣಿಯ ಮಾಲೀಕರೊಬ್ಬರು 'ಜಿಎಸ್‌ಟಿಯವರಿಂದ ಏನರ ಬಂದೈತೇನ ನೋಡು' ಎಂದರೆ, ಏಜೆಂಟು ಆ ಮಾತನ್ನು ಇಂಥ ವಿಳಾಸದಿಂದ, ಕಳೆದ 30 ದಿನಗಳಲ್ಲಿ ಬಂದ, ಇನ್ನೂ ಓದದ ಪತ್ರಗಳು ಎಂದು ತಿರುಗಿಸಿಕೊಳ್ಳಬಹುದು. ಈ ಮೂರೂ ಊಹೆಗಳೇ. ಇಲಾಖೆಯ ನೋಟಿಸನ್ನು ಲೆಕ್ಕಪತ್ರ ನೋಡುವವರು ತಮ್ಮ ವಿಳಾಸದಿಂದ ಮುಂದೆ ಕಳುಹಿಸಿದ್ದರೆ ಮೊದಲನೆಯ ಊಹೆ ಅದನ್ನು ಬಿಡುತ್ತದೆ. ಮನೆಯ ಹುಡುಗ ಫೋನಿನಲ್ಲಿ ಒಮ್ಮೆ ತೆರೆದು ಮುಚ್ಚಿದ್ದರೆ ಮೂರನೆಯದು ಬಿಡುತ್ತದೆ. ಇದರ ಜೊತೆಗೆ ಪುಟಗಳ ತೊಡಕೂ ಇದೆ: ಜಿಮೇಲ್ ತನ್ನ ಪಟ್ಟಿಯನ್ನು ತಂತ್ರಾಂಶಗಳಿಗೆ ಕೊಡುವಾಗ, ಬೇರೆ ಸಂಖ್ಯೆ ಕೇಳದಿದ್ದರೆ, ಒಂದು ಸಲಕ್ಕೆ 100 ಪತ್ರಗಳವರೆಗೆ ಮಾತ್ರ ಕೊಟ್ಟು, ಮುಂದಿನ ಪುಟಕ್ಕೆ ಒಂದು ಗುರುತನ್ನು ಲಗತ್ತಿಸುತ್ತದೆ. ಮೊದಲ ಪುಟಕ್ಕೇ ನಿಂತ ಏಜೆಂಟು 'ಏನೂ ಬಂದಿಲ್ಲ' ಎಂದರೆ, ಕೇಳಿದವರಿಗೆ ಅದು ಇಡೀ ಪೆಟ್ಟಿಗೆಯ ಉತ್ತರವೆಂದೇ ತೋರುತ್ತದೆ.

ಕನ್ನಡದ ಪತ್ರವ್ಯವಹಾರದಲ್ಲಿ ಈ ಜರಡಿಯ ಕಣ್ಣುಗಳು ಇನ್ನಷ್ಟು ಎಡವಟ್ಟಾಗುತ್ತವೆ. ಗಂಗಾವತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಅಕ್ಷರದ ಪಕ್ಕ 'ಎಚ್' ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಯಲಬುರ್ಗಾ ಕನ್ನಡದಲ್ಲಿಯೇ ಕೆಲವೊಮ್ಮೆ ಯಲಬುರ್ಗ, ಕೆಲವೊಮ್ಮೆ ಯಲಬುರಗಾ. 2018ರಲ್ಲಿ ಕಾರಟಗಿ ಮತ್ತು ಕನಕಗಿರಿ ಗಂಗಾವತಿಯಿಂದಲೂ ಕುಕನೂರು ಯಲಬುರ್ಗಾದಿಂದಲೂ ಬೇರ್ಪಟ್ಟು ತಾಲ್ಲೂಕುಗಳಾದದ್ದರಿಂದ, ಒಂದೇ ಹೊಲದ ಕುರಿತ ಹಳೆಯ ಪತ್ರದಲ್ಲಿ ಒಂದು ತಾಲ್ಲೂಕಿನ ಹೆಸರು, ಹೊಸ ಪತ್ರದಲ್ಲಿ ಇನ್ನೊಂದು ಇರುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಯೂನಿಕೋಡ್ ಅಲ್ಲದ ಹಳೆಯ 'ನುಡಿ' ಅಕ್ಷರಶೈಲಿಯಲ್ಲಿ ಬರೆದು ಪತ್ರಕ್ಕೆ ಲಗತ್ತಿಸಿದ ಕಡತಗಳು. ಅವುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ದಾಖಲಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. 'ಕೊಪ್ಪಳ' ಎಂಬ ಪದ ಅಲ್ಲಿ ಇಂಗ್ಲಿಷಿನ 'ಪಿ' ಅಕ್ಷರದಿಂದ ಆರಂಭವಾಗುತ್ತದೆ. ಕಣ್ಣಿಟ್ಟು ನೋಡುವ ಗುಮಾಸ್ತನಿಗೆ ಎದ್ದು ಕಾಣುವ ಊರಿನ ಹೆಸರು, ಅಕ್ಷರಸಂಕೇತಗಳನ್ನು ಹೋಲಿಸಿ ಹುಡುಕುವ ಸಲಕರಣೆಗೆ ಇಲ್ಲವೇ ಇಲ್ಲ. ಅದು ದೋಷವೆಂದು ಎಲ್ಲಿಯೂ ವರದಿಯಾಗುವುದಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ, ಅಷ್ಟೇ.

ಇಲ್ಲಿ ಸರ್ಕಾರಿ ಕಚೇರಿಗಳ ಆವಕ ವಹಿಯನ್ನು ನೆನೆಯುವುದು ಹಿಂದಕ್ಕೆ ಹೋಗುವ ಹಂಬಲದಿಂದಲ್ಲ. ಬಂದ ಟಪಾಲಿಗೆ ದಿನಾಂಕದ ಮೊಹರು ಹಾಕಿ, ಕ್ರಮಸಂಖ್ಯೆ ಕೊಟ್ಟು, ಯಾರಿಂದ, ಯಾವ ವಿಷಯ ಎಂದು ಬರೆದ ನಂತರವೇ ಅದು ಸಂಬಂಧಪಟ್ಟ ಮೇಜಿಗೆ ಹೋಗಬೇಕೆಂಬುದು ಆ ವಹಿಯ ನಿಯಮ. ಗುಮಾಸ್ತನ ಬುದ್ಧಿವಂತಿಕೆಯನ್ನು ಅದು ನೆಚ್ಚಿಕೊಂಡಿರಲಿಲ್ಲ. ಪತ್ರ ಮುಖ್ಯವೋ ಅಲ್ಲವೋ ಎಂಬ ತೀರ್ಮಾನಕ್ಕೆ ಮೊದಲೇ ಸಂಖ್ಯೆ ಬಿದ್ದಿರುತ್ತಿದ್ದುದರಿಂದ, ಮೂಲೆಗುಂಪಾದ ಅರ್ಜಿಯೂ ಮೂಲೆಗುಂಪಾಗಿದೆ ಎಂಬುದಕ್ಕೆ ಸಾಕ್ಷಿಯನ್ನು ಹೊತ್ತೇ ಇರುತ್ತಿತ್ತು. ಏಜೆಂಟಿನ ಪಟ್ಟಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ: ಮೊದಲು ಆಯ್ಕೆ, ಅನಂತರ ಆಯ್ಕೆಯಾದವುಗಳದ್ದು ಮಾತ್ರ ಎಣಿಕೆ.

ಕಾನೂನು ಮಾತ್ರ ಹಳೆಯ ಕ್ರಮದಲ್ಲಿಯೇ ಯೋಚಿಸುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪಡೆಯುವವರು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆ ಪ್ರವೇಶಿಸಿದ ಕ್ಷಣವೇ ಅದು ತಲುಪಿದಂತೆ. ಏಜೆಂಟು ಪಟ್ಟಿಯಲ್ಲಿ ತೋರಿಸಲಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯಂತ್ರ ಸೋಸಿ ಬಿಟ್ಟದ್ದರ ಹೊಣೆ ಪೆಟ್ಟಿಗೆಯ ಒಡೆಯನದೇ.

ಅರಸನಿಗೆ ಯಾವುದು ತಲುಪಬೇಕು ಎಂಬ ಪ್ರಶ್ನೆ ಈ ನೆಲಕ್ಕೆ ಅಪರಿಚಿತವೇನಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಇಲ್ಲಿಂದ ಬಹಳ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹಿರಿಯ ಶಾಸನಗಳೂ ಇದ್ದು, ಅವುಗಳಲ್ಲಿ ಆರನೆಯದು ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸಂಗತಿಯನ್ನು ವರದಿಗಾರರು ಬಂದು ತಿಳಿಸಬೇಕೆಂದು ವಿಧಿಸುತ್ತದೆ. ಅರಸನ ಸುತ್ತ ಜರಡಿಗಳು ಇದ್ದೇ ಇರುತ್ತವೆ ಎಂಬ ಅರಿವಿಲ್ಲದೆ ಅಂಥ ಆಜ್ಞೆ ಹೊರಡಿಸುವುದು ಕಷ್ಟ.

ಆದರೆ ಎಲ್ಲವೂ ತಲುಪಲಿ ಎಂಬ ಉತ್ತರವೂ ಇಂದು ಪೂರ್ತಿ ಸಾಲದು. ಬಂದ ಪತ್ರದ ಒಳಗಿನ ಮಾತನ್ನೇ ಏಜೆಂಟು ಆಜ್ಞೆಯೆಂದು ತಿಳಿಯುವ ಅಪಾಯವಿದೆ. 2025ರಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್‌ನಲ್ಲಿ ಪತ್ತೆಯಾಗಿ ಸರಿಪಡಿಸಲಾದ 'ಎಕೋಲೀಕ್' ಎಂಬ ದೋಷದಲ್ಲಿ ಹೊರಗಿನಿಂದ ಬಂದ ಒಂದು ಇ-ಮೇಲ್ ಸಂಸ್ಥೆಯ ಒಳಮಾಹಿತಿಯನ್ನು ಹೊರಗೆಳೆಯಬಹುದಾಗಿತ್ತು. ಆದ್ದರಿಂದ ಪಟ್ಟಿ ಮಾಡುವ, ಒಳಗಿನದನ್ನು ಓದುವ, ಹೊರಗೆ ಕಳುಹಿಸುವ ಅನುಮತಿಗಳು ಬೇರೆಬೇರೆಯಾಗಿರಬೇಕು. ಪಟ್ಟಿಯ ಮಟ್ಟಿಗೆ ಹೇಳುವುದಾದರೆ, ಸಿಕ್ಕ ಪತ್ರಗಳ ಮೇಲ್ಗಡೆ ಯಾವ ಪ್ರಶ್ನೆ ಹಾಕಲಾಯಿತು, ಪೆಟ್ಟಿಗೆಯಲ್ಲಿ ಒಟ್ಟು ಎಷ್ಟಿದ್ದವು, ಎಷ್ಟು ಪುಟ ನೋಡಲಾಯಿತು, ಎಷ್ಟು ಲಗತ್ತುಗಳ ಅಕ್ಷರ ಅರ್ಥವಾಗಲಿಲ್ಲ ಎಂಬ ನಾಲ್ಕು ಸಂಗತಿಗಳನ್ನು ಸಲಕರಣೆಯೇ ಬರೆದುಕೊಡಬೇಕು. ಕೊನೆಯ ಸಂಖ್ಯೆ ಸೊನ್ನೆಯಲ್ಲದಿದ್ದರೆ ಆ ಲಗತ್ತುಗಳನ್ನು ಒಬ್ಬ ಮನುಷ್ಯ ತೆರೆದು ನೋಡಬೇಕಾಗುತ್ತದೆ. ಕುಷ್ಟಗಿಯ ಒಂದು ಸಣ್ಣ ಕಚೇರಿಯಲ್ಲಾದರೆ ಅದು ಬೆಳಗಿನ ಚಹಾ ಮುಗಿಯುವುದರೊಳಗಿನ ಕೆಲಸ.