ಚಕ್ರದ ಮನೆಯ ಸೋರುವ ಮಾಡು

ಇಲ್ಲಿ ಬರೆದು ಬಹಳ ದಿನ ಆಯ್ತು. ಆಫೀಸಿನ ಕೆಲಸದ ಒತ್ತಡ ಅಂತ ಹೇಳಬಹುದಿತ್ತು. ಆದ್ರೆ ನಿಜವಾದ ಕಾರಣ, ರಜೆ ಸಿಕ್ಕಾಗಲೆಲ್ಲ ನಾನು ಒಂದು ಮೋಟರ್‌ಹೋಮ್‌ನ ತಲೆ ಮೇಲೆ ಹತ್ತಿ ಕೂತಿರೋದು!

ಇಲ್ಲಿ ಆರೆಗಾನ್‌ನಲ್ಲಿ ನಾವು ಮೂವರು ಗೆಳೆಯರು ಸೇರಿ ಹೋದ ಬೇಸಿಗೆಯಲ್ಲಿ 1998ರ ಮಾಡೆಲ್‌ನ ಹಳೇ ಗಾಡಿ ಕೊಂಡ್ವಿ. ಒಲೆ, ಮಂಚ, ಬಚ್ಚಲು ಎಲ್ಲಾ ಒಳಗೇ ಇರೋ ಬಸ್ಸು ಅಂದ್ಕೊಳ್ಳಿ. ಏಣಿ ಹತ್ತಿ ನೋಡಿದ್ರೆ ಮಾಡು ಹಾಲಿನಂತೆ ಬೆಳ್ಳಗಿತ್ತು. "ಹೊಸ ಕೋಟಿಂಗ್, ಹತ್ತು ವರ್ಷ ಯೋಚನೆ ಇಲ್ಲ" ಅಂದ್ರು ಮಾರಿದವರು. ನಂಬಿದ್ವಿ. ಅಕ್ಟೋಬರ್‌ನಲ್ಲಿ ಇಲ್ಲಿನ ಮಳೆ ಶುರುವಾಯ್ತು ನೋಡಿ, ಮಂಚದ ಪಕ್ಕದ ಗೋಡೆ ಉಬ್ಬಿಕೊಂಡ್ತು. ಒತ್ತಿದ್ರೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಥರ ಬೆರಳು ಒಳಗೇ ಹೋಯ್ತು. ಚಳಿಗಾಲ ಪೂರ್ತಿ ಟಾರ್ಪಾಲಿನ ಕೆಳಗೆ ಕಳೀತು.

ಈಗ ಗೆಳೆಯರಿಬ್ಬರೂ "ಇನ್ನೊಂದು ಕೋಟ್ ಹೊಡೆದು ಮುಗಿಸೋಣ" ಅಂತಿದಾರೆ. ನಾನು ಒಪ್ತಾ ಇಲ್ಲ.

ಯಾಕೆ ಅಂದ್ರೆ, ನಮ್ಮ ಗಾಡಿಯ ಮಾಡು ತೆಳು ಪ್ಲೈವುಡ್ಡು, ಅದರ ಮೇಲೆ ಅಂಟಿಸಿರೋ ಇಪಿಡಿಎಂ ಅನ್ನೋ ರಬ್ಬರ್ ಹಾಳೆ. ಕೊಂಬೆ ಗಿಂಬೆ ತಾಗಿ ಹರಿದ್ರೆ ಬೇರೆ ಮಾತು, ಇಲ್ದಿದ್ರೆ ನೀರು ಹಾಳೆಯ ನಡುವಿಂದ ನುಗ್ಗೋದು ಕಡಿಮೆ. ನುಗ್ಗೋದೆಲ್ಲ ಸಂದಿಗಳಿಂದ: ಗಾಳಿಕಿಂಡಿಯ ಸುತ್ತ, ಕೊಳವೆ ಹೊರಬರೋ ಜಾಗ, ಹಿಂದೆ ಮುಂದೆ ಅಂಚು, ಏಣಿಯ ಸ್ಕ್ರೂ. ಗಾಡಿ ಕುಲುಕುತ್ತೆ, ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಸಂದಿಗೆ ಹಾಕಿದ ಸೀಲೆಂಟು ಒಣಗಿ ಬಿರುಕು ಬಿಡುತ್ತೆ. ಕೋಟಿಂಗ್ ರಬ್ಬರನ್ನ ಬಿಸಿಲಿನಿಂದ ಕಾಪಾಡೋದು ನಿಜ. ಆದ್ರೆ ಬಿರುಕಿನ ಮೇಲೆ ಬಳಿದ್ರೆ ಸ್ವಲ್ಪ ದಿನದಲ್ಲೇ ಅದೂ ಬಿರಿಯುತ್ತೆ. ಕೆಳಗಿನ ಹಲಗೆ ಒದ್ದೆಯಾಗಿದ್ರಂತೂ ನೀರನ್ನ ಒಳಗೇ ಕೂಡಿಹಾಕುತ್ತೆ. ನಮ್ಮಲ್ಲಿ ಆಗಿದ್ದು ಇದೇ. ಬಿಳಿ ಪದರ ಕೆರೆದು ನೋಡಿದ್ರೆ ಕೆಳಗೆ ಹಳೇ ಸೀಲೆಂಟು ಬಿರುಕು ಬಿಟ್ಟುಕೊಂಡು ಹಾಗೇ ಕೂತಿತ್ತು. ಬಗ್ ಹಿಡಿಯದೆ ಎರರ್ ಮೆಸೇಜನ್ನ ಮಾತ್ರ ಮುಚ್ಚಿಟ್ಟ ಹಾಗೆ!

ನಾನೇನು ಸಾಚಾ ಅಲ್ಲ. ಸೋರಿದ ದಿನ ಗಾಬರಿಯಲ್ಲಿ ಬಚ್ಚಲಿಗೆ ಹಾಕೋ ಸಿಲಿಕೋನ್ ತಂದು ಮೆತ್ತಿದ್ದೆ. ಅದು ಈ ರಬ್ಬರಿಗೆ ಸರಿಯಾಗಿ ಹಿಡಿಯಲ್ಲ. ಅದರ ಜಿಡ್ಡು ಉಳಿದ್ರೆ ಆಮೇಲೆ ಹಾಕೋ ಒಳ್ಳೇ ಸೀಲೆಂಟೂ ಹಿಡಿಯಲ್ಲ. ಕೆರೆದು ತೆಗೆಯೋಕೆ ಎರಡು ಶನಿವಾರ ಹೋಯ್ತು. ರಬ್ಬರ್ ಹರೀಬಾರದು ಅಂತ ಪ್ಲಾಸ್ಟಿಕ್ ಪಟ್ಟಿಯಲ್ಲೇ ಕೆರೀಬೇಕು. ಪೆಟ್ರೋಲಿಯಂ ದ್ರಾವಕ ಸುರಿದು ಬೇಗ ಮುಗಿಸೋಣ ಅಂದ್ರೆ ಇಪಿಡಿಎಂ ಉಬ್ಬಿ ಹಾಳಾಗುತ್ತೆ.

ಸರಿಯಾದ ದಾರಿ ಬೇಜಾರಿನದ್ದು. ಕೈಯಲ್ಲಿ ಒತ್ತಿ ಒತ್ತಿ ಮೆತ್ತಗಿರೋ ಜಾಗ ಹುಡುಕಬೇಕು. ಕೊಳೆತ ಹಲಗೆ ಬದಲಿಸಬೇಕು. ತೊಳೆದು, ಪೂರ್ತಿ ಒಣಗಿಸಿ, ಎದ್ದುಬಂದ ಸೀಲೆಂಟು ತೆಗೀಬೇಕು. ಸಮತಟ್ಟು ಜಾಗಕ್ಕೆ ತಾನೇ ಹರಡಿಕೊಳ್ಳೋ ಲ್ಯಾಪ್ ಸೀಲೆಂಟು, ನೆಟ್ಟಗಿರೋ ಅಂಚಿಗೆ ಕೆಳಗೆ ಜಾರದ ಬಗೆಯದ್ದು. ಇಷ್ಟೆಲ್ಲಾ ಆದ್ಮೇಲೆ, ರಬ್ಬರ್ ಸವೆದಿದ್ರೆ, ಕೋಟಿಂಗ್. ಅದಾದ್ಮೇಲೂ ವರ್ಷಕ್ಕೆ ಎರಡು ಸಲನಾದ್ರೂ ಮೇಲೆ ಹತ್ತಿ ನೋಡ್ಲೇಬೇಕು. ಕೋಟಿಂಗ್ ಜೊತೆ ನಂಗೆ ಜಗಳ ಇಲ್ಲ. "ಒಂದ್ಸಲ ಬಳಿದ್ರೆ ಮುಗೀತು" ಅನ್ನೋ ಮಾತಿನ ಜೊತೆ ಜಗಳ.

ಸಾಗರದಲ್ಲಿರೋ ಅಮ್ಮನಿಗೆ ಫೋನಲ್ಲಿ ಇದೆಲ್ಲಾ ಹೇಳಿದೆ. ಅಮ್ಮ ನಕ್ಕು, "ಅಲ್ವೋ, ಅಪ್ಪ ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಹುಡುಕಿ ಬದಲಾಯಿಸ್ತಿರ್ಲಿಲ್ವಾ? ಮನೆಗೆ ಚಕ್ರ ಇದ್ರೇನಂತೆ, ಮಾಡು ಮಾಡೇ ಅಲ್ವಾ?" ಅಂದ್ಲು. ಅಪ್ಪ ಏಣಿ ಹತ್ತುವಾಗ ಕೆಳಗೆ ಹಿಡ್ಕೊಂಡು ನಿಲ್ತಿದ್ದವನು ನಾನೇ. ಎಂಜಿನಿಯರಿಂಗ್ ಓದಿ ಅದನ್ನೇ ಮರೆತಿದ್ದೆ!

ಗೆಳೆಯರಿಬ್ಬರೂ ಇದನ್ನ ಓದ್ತಾರೆ ಅಂತ ಗೊತ್ತು. ಗುರುಗಳೇ, ಮಳೆ ಶುರುವಾಗೋಕೆ ಇನ್ನೂ ಎರಡು ತಿಂಗಳಿದೆ. ಬಣ್ಣದ ಡಬ್ಬಿ ಅಲ್ಲೇ ಇರ್ಲಿ, ಶನಿವಾರ ಏಣಿ ಹಿಡ್ಕೊಳ್ಳೋಕೆ ಬನ್ನಿ.

ಊರಲ್ಲಿ ತಾರಸಿ ಸೋರೋ ಮನೆಯವರೇ, ನೀವೇನಂತೀರಿ?