ಕಟ್ಟೆಗೆ ಬಾರದ ಹಿರಿಯರು



‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುವ ರೂಢಿ ನಮ್ಮಲ್ಲಿ ಹಳೆಯದು. ದಿನವೂ ಮಠದ ಕಟ್ಟೆಗೆ ಬರುತ್ತಿದ್ದ ಹಿರಿಯರು ಬರುವುದು ಬಿಟ್ಟರೆ, ಊಟ-ನಿದ್ದೆ ಕಡಿಮೆಯಾದರೆ, ‘ಇನ್ನು ನನ್ನಿಂದೇನು’ ಎನ್ನತೊಡಗಿದರೆ, ವಯಸ್ಸಾಯಿತು ಎನ್ನುತ್ತೇವೆ. ಅದು ಖಿನ್ನತೆಯೆಂಬ ಕಾಯಿಲೆ ಇರಬಹುದು.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ತಿದ್ದಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನಗಳ ಜೊತೆ ಖಿನ್ನತೆಯೂ ಅದರಲ್ಲಿದೆ. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬುದು ಅಂದಾಜು.

ಖಿನ್ನತೆ ಕಾರಣವೋ, ಲಕ್ಷಣವೋ? ಎರಡೂ ಇರಬಹುದು. ಗುಡಗೇರಿ ಸುತ್ತಿನ ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ (ಇಂಜಿನಿಯರನ ಚಟ, ಬಿಡುವುದಿಲ್ಲ). ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣಿನಿಂದ ಬುನಾದಿ ಅಲುಗಿ ಗೋಡೆ ಬಿರಿಯುತ್ತದೆ. ಬಿರುಕು ಕೆಳಗಿನ ತೊಂದರೆಯ ಗುರುತು. ಅದೇ ಬಿರುಕಿನಿಂದ ನೀರಿಳಿದು ಗೋಡೆ ಮತ್ತಷ್ಟು ಕೆಡುತ್ತದೆ. ಇಳಿವಯಸ್ಸಿನಲ್ಲಿ ಹೊಸದಾಗಿ ಬಂದ ಖಿನ್ನತೆ ಕೆಲವರಲ್ಲಿ ಮಿದುಳಿನಲ್ಲಿ ಆಗಲೇ ಶುರುವಾದ ಬದಲಾವಣೆಯ ಮುನ್ಸೂಚನೆ. ಬಹುಕಾಲ ಉಳಿದ ಖಿನ್ನತೆಯಾದರೆ ನಿದ್ದೆ, ನಡಿಗೆ, ನಾಲ್ಕು ಜನರ ಒಡನಾಟ ಎಲ್ಲವನ್ನೂ ಕಸಿದು ತಾನೇ ಅಪಾಯ ಬೆಳೆಸಬಹುದು. ಖಿನ್ನತೆ ಬಂದವರಿಗೆಲ್ಲ ಮರೆವು ಬರುತ್ತದೆಂದಲ್ಲ. ಎಷ್ಟೋ ಸಲ ಮರೆವಿನಂತೆ ಕಾಣುವುದೇ ಖಿನ್ನತೆಯದಾಗಿರುತ್ತದೆ, ಚಿಕಿತ್ಸೆಯಿಂದ ಬಹುಮಟ್ಟಿಗೆ ಹೋಗುತ್ತದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಇದೇ ವೇಷದಲ್ಲಿ ಬರುತ್ತವೆ. ಪರೀಕ್ಷೆ ಮಾಡಿಸದೆ ಯಾವುದು ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು.

ಪೂರ್ವಜನ್ಮದ ಕರ್ಮವೆಂದೋ ಗಾಳಿ ಸೋಂಕಿತೆಂದೋ ತಾಯತ ಕಟ್ಟಿಸುವವರು ಬಸವ ಅನುಯಾಯಿಗಳ ಮನೆಗಳಲ್ಲೂ ಇದ್ದಾರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ, ಖರ್ಚಿಲ್ಲದೆ, ಹಗಲು ರಾತ್ರಿ ಮಾತಾಡಬಹುದು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡ ಮಾಡಬಾರದು.

ಹೊಲವನ್ನು ಮಕ್ಕಳಿಗೆ ಬಿಟ್ಟ ರೈತನಿಗೂ ನಿವೃತ್ತ ನೌಕರನಿಗೂ ಹೊಟ್ಟೆಗೆ ಕೊರತೆ ಇರಲಿಕ್ಕಿಲ್ಲ, ಕಾಯಕ ತಪ್ಪಿರುತ್ತದೆ. ದಾಸೋಹದ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರೆ ಸಾಲದು. ಲೆಕ್ಕ ಬರೆಯುವ, ಮಕ್ಕಳಿಗೆ ವಚನ ಕಲಿಸುವ ಕೆಲಸ ಅವರಿಗೆ ವಹಿಸಬೇಕು. ಮಠದ ಆರೋಗ್ಯ ಶಿಬಿರದಲ್ಲಿ ಕಣ್ಣಿನ ಜೊತೆ ಕಿವಿಯ ತಪಾಸಣೆಯೂ ಆಗಲಿ. ಕಿವಿ ಕೇಳದ ಹಿರಿಯರು ಮೊದಲು ಶಿವಾನುಭವ ಗೋಷ್ಠಿ ಬಿಡುತ್ತಾರೆ, ಆಮೇಲೆ ಕಟ್ಟೆ. ಈ ತಿಂಗಳ ಗೋಷ್ಠಿಯಲ್ಲಿ ಯಾರ ಜಾಗ ಖಾಲಿ ಇತ್ತು ನೋಡಿಕೊಳ್ಳಿ, ಮುಖ್ಯವಾಗಿ ಸಂಗಾತಿಯನ್ನು ಕಳೆದುಕೊಂಡವರದು. ಮರುದಿನ ಇಬ್ಬರು ಅವರ ಮನೆಗೆ ಹೋಗಿ ಬನ್ನಿ.