ಈಸಿ ಟ್ರೆಕ್ ಅನ್ನೋ ಸುಳ್ಳು

ನಮ್ಮ ತೋಟದ ಹಿಂದಿನ ಗುಡ್ಡಕ್ಕೆ ಬೆಂಗಳೂರಿನವರು ಒಂದು ಬಿರುದು ಕೊಟ್ಟಿದ್ದಾರೆ. 'ಈಸಿ ಟ್ರೆಕ್, ಬಿಗಿನರ್ಸ್‌ಗೆ ಬೆಸ್ಟ್' ಅಂತ. ಶುಕ್ರವಾರ ರಾತ್ರಿ ಟಿಟಿ ಹತ್ತಿಸೋದು, ಬೆಳಗಾಗ ಮೂಡಿಗೆರೆ ದಾಟಿಸೋದು, ಎರಡು ಇಡ್ಲಿ ತಿನ್ನಿಸಿ ಗುಡ್ಡಕ್ಕೆ ಬಿಡೋದು. ಎಂಟು ಹತ್ತು ವರ್ಷದಿಂದ ಬೇಲಿ ಪಕ್ಕ ನಿಂತು ಇದನ್ನು ನೋಡ್ತಾ ಇದ್ದೇನೆ. ಇವತ್ತು ಬೈದೇ ಬಿಡೋಣ ಅಂತ ಕೂತಿದ್ದೇನೆ.

ಹೋದ ಅಕ್ಟೋಬರ್. ಸಂಜೆ ಏಳೂವರೆಗೆ ಒಬ್ಬ ಹುಡುಗ ನಮ್ಮ ಅಂಗಳಕ್ಕೆ ಓಡಿ ಬಂದ. "ಅಂಕಲ್, ನಮ್ಮವರಿಬ್ಬರು ಇನ್ನೂ ಇಳಿದಿಲ್ಲ." ಇಪ್ಪತ್ತೆರಡು ಜನಕ್ಕೆ ಇವನೇ ಲೀಡರ್. ಕೊನೆಯಲ್ಲಿ ಯಾರಿದ್ದರು ಅಂತ ಕೇಳಿದ್ರೆ ಗೊತ್ತಿಲ್ಲ. ತಲೆ ಎಣಿಸಿದ್ದು ಗಾಡಿ ಹತ್ತುವಾಗ ಮಾತ್ರ. ನಾನು, ನನ್ನ ತಮ್ಮ, ಪಕ್ಕದ ಮನೆಯ ಇಬ್ಬರು ಟಾರ್ಚು, ಕತ್ತಿ, ಹಗ್ಗ ಹಿಡಿದು ಮಳೆಯಲ್ಲೇ ಹೊರಟೆವು. ಸಿಕ್ಕಾಗ ರಾತ್ರಿ ಒಂದು ಗಂಟೆ ದಾಟಿತ್ತು. ಹಳ್ಳದೊಳಗೆ, ಅಬ್ಬಿ ಬೀಳುವ ಬಂಡೆಯಿಂದ ಹತ್ತು ಮಾರು ಮೇಲೆ ಕೂತಿದ್ದರು. ಹುಡುಗಿಯ ಜೀನ್ಸ್ ಪೂರ್ತಿ ಒದ್ದೆ, ಮಾತು ತೊದಲುತ್ತಿತ್ತು. ಮೈ ನಡುಗುವುದೂ ನಿಂತಿತ್ತು. ನಡುಕ ನಿಂತರೆ ಚಳಿ ಕಮ್ಮಿಯಾಯ್ತು ಅಂತಲ್ಲ, ದೇಹ ಸೋಲ್ತಾ ಇದೆ ಅಂತ. ಚಳಿಗೆ ಸಾಯೋಕೆ ಹಿಮಾಲಯಕ್ಕೇ ಹೋಗಬೇಕಿಲ್ಲ, ಒದ್ದೆ ಬಟ್ಟೆ ಮತ್ತು ಗಾಳಿ ಸಾಕು. ತಮ್ಮನ ಸ್ವೆಟರ್ ಹಾಕಿಸಿ, ಕಂಬಳಿ ಸುತ್ತಿ, ನಿಧಾನಕ್ಕೆ ಇಳಿಸಿದೆವು. ಬದುಕಿದಳು.

ಹಳ್ಳಕ್ಕೆ ಯಾಕೆ ಇಳಿದಿರಿ ಅಂದರೆ ಜೊತೆಗಿದ್ದ ಹುಡುಗ ಹೇಳಿದ್ದು: "ನೀರು ಹಿಡಿದು ಹೋದ್ರೆ ಊರು ಸಿಗುತ್ತೆ ಅಂತ ವಿಡಿಯೋದಲ್ಲಿ ನೋಡಿದ್ದೆ." ಬೇರೆ ಎಲ್ಲೋ ಸಿಗುತ್ತೇನೋ ಮಾರಾಯ. ಘಟ್ಟದ ಪಡುವಣ ಅಂಚಿನಲ್ಲಿ ನೀರು ನಡೆದು ಇಳಿಯಲ್ಲ, ಹಾರಿ ಇಳಿಯುತ್ತೆ. ಅವರು ಮೊದಲು ದಾರಿ ತಪ್ಪಿದ್ದು ಮೇಲೆ ಬೋಳುಗುಡ್ಡದಲ್ಲಿ, ಮಂಜು ಕವಿದಾಗ. ಅಲ್ಲಿ ಕಾಣುವ ಕಾಲ್ದಾರಿಗಳಲ್ಲಿ ಅರ್ಧ ಕಾಟಿಗಳದ್ದು, ಇನ್ನು ಕೆಲವು ನಮ್ಮ ದನಗಳದ್ದು. ಅವು ಯಾವುವೂ ಟಿಟಿ ನಿಂತ ಜಾಗಕ್ಕೆ ಹೋಗಲ್ಲ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಲ್ಲಬೇಕು. ಗೊತ್ತಿರುವ ಕೊನೇ ಜಾಗಕ್ಕೆ ಬಂದ ದಾರಿಯಲ್ಲೇ ಮೇಲೆ ಹತ್ತಬೇಕು. ಸುಸ್ತಾದವರು ಇದನ್ನು ಮಾಡಲ್ಲ, ಇಳಿಜಾರು ಕಂಡ ಕಡೆ ಜಾರ್ತಾರೆ.

ನನ್ನ ತಕರಾರು ಈ ಸುಸ್ತಿನದ್ದೇ. ಗುಡ್ಡ ಈಸಿ ಅಂತೀರಲ್ಲ, ಯಾವ ತಿಂಗಳಲ್ಲಿ? ಎಷ್ಟು ನಿದ್ದೆ ಮಾಡಿದವರಿಗೆ? ಜನವರಿಯಲ್ಲಿ ಈ ಗುಡ್ಡ ನಿಜಕ್ಕೂ ಈಸಿ, ನಮ್ಮ ಅಮ್ಮನೂ ಹತ್ತಿದ್ದಾರೆ. ಅಕ್ಟೋಬರ್‌ನಲ್ಲಿ ಬೆಳಗ್ಗೆ ಬಿಸಿಲು, ಎರಡು ಗಂಟೆಗೆ ಗುಡುಗು ಸಿಡಿಲು. ಬೋಳುಗುಡ್ಡದ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರೋದು ನೀವೇ. ಪೋಸ್ಟರ್‌ನಲ್ಲಿ ಮಾತ್ರ ವರ್ಷಪೂರ್ತಿ ಒಂದೇ ಫೋಟೋ. ರಾತ್ರಿಯಿಡೀ ಘಾಟಿ ತಿರುವಿನಲ್ಲಿ ವಾಂತಿ ಮಾಡಿಕೊಂಡು ಬಂದವರಿಗೆ ಯಾವ ಗುಡ್ಡವೂ ಈಸಿ ಅಲ್ಲ.

ಶನಿವಾರ ಹಗಲು ಬನ್ನಿ, ರಾತ್ರಿ ಊರಲ್ಲಿ ಮಲಗಿ, ಭಾನುವಾರ ಬೆಳಗ್ಗೆ ಹತ್ತಿ ಅಂತ ಒಬ್ಬ ಆರ್ಗನೈಸರ್‌ಗೆ ಹೇಳಿದೆ. (ನನಗೆ ಹೋಂಸ್ಟೇ ಇಲ್ಲ, ಮೊದಲೇ ಹೇಳಿಬಿಡ್ತೀನಿ.) "ರೇಟ್ ಜಾಸ್ತಿ ಆಗುತ್ತೆ ಅಂಕಲ್, ಯಾರೂ ಬರಲ್ಲ" ಅಂದ. ಹಾಗಾದರೆ ನೀನು ಉಳಿಸ್ತಾ ಇರೋ ದುಡ್ಡು ಯಾರ ನಿದ್ದೆಯದ್ದು? ಅವರದ್ದೂ ಹೌದು, ನಮ್ಮದೂ ಹೌದು.

ನಮ್ಮೂರಲ್ಲಿ ಕೆಲವರು ಪೂರ್ತಿ ಬಂದ್ ಮಾಡಿಸಿ ಅಂತಾರೆ. ನಾನು ಆ ಗುಂಪಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿ ವಿಡಿಯೋ ಎಲ್ಲರೂ ನೋಡಿದ್ದೀರಿ. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂತು, ದಿನಕ್ಕೆ ಇಷ್ಟೇ ಜನ ಅಂತ ಮಾಡಿತು. ಒಳ್ಳೇದೇ. ಆದರೆ ಟಿಕೆಟ್ ಜನರನ್ನು ಎಣಿಸುತ್ತೆ, ಕಣ್ಣು ಕೆಂಪಾಗಿರೋದನ್ನು ನೋಡಲ್ಲ.

ಹೊಸಬರು ಕೇಳೋದೆಲ್ಲ ಶೂ ಬಗ್ಗೆ. ಶೂ ಯಾವುದಾದರೂ ಹಿಡಿತ ಇದ್ದರೆ ಸಾಕು, ಗಡಿಯಾರ ನೋಡಿ. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ, ತುದಿ ನೂರು ಮಾರು ದೂರದಲ್ಲಿ ಕಂಡರೂ ಸರಿ. ಸೂರ್ಯ ಆರರ ನಂತರ ಮುಳುಗಿದರೂ ಶೋಲಾ ಕಾಡಿನೊಳಗೆ ಐದಕ್ಕೇ ಕತ್ತಲು. ಮೊಬೈಲ್ ಲೈಟ್ ಟಾರ್ಚ್ ಅಲ್ಲ. ನೆಟ್‌ವರ್ಕ್ ಹುಡುಕಿ ಹುಡುಕಿ ಫೋನೇ ಸಾಯುತ್ತೆ, ಏರೋಪ್ಲೇನ್ ಮೋಡ್‌ಗೆ ಹಾಕಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಆಗಿದ್ದರೆ ಸಿಗ್ನಲ್ ಇಲ್ಲದೆಯೂ ಜಿಪಿಎಸ್ ನಡೆಯುತ್ತೆ. ಜೀನ್ಸ್ ಬೇಡ. ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಳ್ಳಿ. ದಾರಿ ಗೊತ್ತಿರೋ ಒಬ್ಬ ಎಲ್ಲರಿಗಿಂತ ಹಿಂದೆ ಬರಬೇಕು. ದುಡ್ಡು ಕೊಡೋ ಮೊದಲು ಆ ಒಬ್ಬ ಯಾರು ಅಂತ ಕೇಳಿ.

ಇನ್ನೊಂದು. ಎಲ್ಲರೂ ಇಂಬಳಕ್ಕೆ ಹೆದರಿ ಉಪ್ಪು ತರ್ತಾರೆ. ಇಂಬಳ ಕುಡಿದು ಉದುರಿ ಹೋಗುತ್ತೆ, ಬಿಡಿ. ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಈಗಲೂ ಮಲೆನಾಡಲ್ಲಿದೆ. ಅದು ಹರಡೋದು ಡಿಸೆಂಬರ್‌ನಿಂದ ಮೇವರೆಗೆ, ನಿಮ್ಮ ಟ್ರೆಕ್ಕಿಂಗ್ ಸೀಸನ್ನಿನಲ್ಲೇ. ದರಗಿನ ಮೇಲೆ ಮಲಗಬೇಡಿ. ಮನೆಗೆ ಹೋಗಿ ವಾರ ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಅವರಿಗೆ ಹೊಳೆಯಲ್ಲ.

ಈ ಶನಿವಾರಕ್ಕೆ ಎರಡು ಟಿಟಿ ಬರ್ತವಂತೆ. ಮಧ್ಯಾಹ್ನದಿಂದ ಗುಡ್ಡದ ತಲೆ ಕಾಣ್ತಾ ಇಲ್ಲ. ಟಾರ್ಚ್ ಚಾರ್ಜಿಗೆ ಹಾಕಿದ್ದೇನೆ.